ಕವಿಯ ಹೆಸರಿಗೆ ಜಾಗವಿಲ್ಲದ 128 ಬೈಟು

ಹೈದರಾಬಾದಿನ ಕೋಠಿಯಲ್ಲಿರುವ ಸುಲ್ತಾನ್ ಬಜಾರ್ ಬೆಳೆದದ್ದೇ ಬೇರೆ ಕಾನೂನಿನ ನೆರಳಲ್ಲಿ. 19ನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಬ್ರಿಟಿಷ್ ರೆಸಿಡೆನ್ಸಿಯ ಮಗ್ಗುಲಲ್ಲಿ ಹುಟ್ಟಿದ ಈ ಪೇಟೆಗೆ ಆಗ ರೆಸಿಡೆನ್ಸಿ ಬಜಾರ್ ಎಂದೇ ಹೆಸರು. ಸುತ್ತಲೂ ನಿಜಾಮರ ರಾಜ್ಯ. ಈ ಬೀದಿಗಳಲ್ಲಿ ಮಾತ್ರ ರೆಸಿಡೆಂಟರ ಅಧಿಕಾರ. 1933ರಲ್ಲಿ ಅದು ನಿಜಾಮರ ಕೈಗೆ ಮರಳಿ ಸುಲ್ತಾನ್ ಬಜಾರ್ ಆಯಿತು.

1956ರಲ್ಲಿ ಹೈದರಾಬಾದ್ ರಾಜ್ಯ ಒಡೆದು ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಮೈಸೂರಿಗೆ ಸೇರಿದವು. ಗಡಿ ಬದಲಾಯಿತು, ಸಂತೆಯ ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್, ಹೈದರಾಬಾದಿಗೆ ಸುಮಾರು 140. ಮದುವೆಯ ಸೀರೆಯಿಂದ ರೇಡಿಯೊದ ಬಿಡಿಭಾಗದವರೆಗೆ ಎಲ್ಲಕ್ಕೂ ಆ ಕಡೆಯವರಿಗೆ ಕೋಠಿಯೇ ಹತ್ತಿರ. ಪಕ್ಕದ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಸಗಟು ಪೇಟೆ. ಬೆಂಗಳೂರಿಗೆ ಎಸ್.ಪಿ. ರೋಡ್, ಚೆನ್ನೈಗೆ ರಿಚಿ ಸ್ಟ್ರೀಟ್, ಮುಂಬೈಗೆ ಲ್ಯಾಮಿಂಗ್ಟನ್ ರೋಡ್ ಇದ್ದ ಹಾಗೆ. ನಮ್ಮ ದೇಶದ ಬಹುಪಾಲು ಮನೆಗಳಿಗೆ ಕಂಪ್ಯೂಟರ್, ಆಟ, ಡಿಜಿಟಲ್ ಹಾಡು ಬಂದದ್ದು ಇಂಥ ಗಲ್ಲಿಗಳ ಮೂಲಕ. ಬರುವ ದಾರಿಯಲ್ಲಿ ಏನೇನು ಉದುರಿಹೋಯಿತು ಎಂಬುದನ್ನು ನಾವು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ.

1982ರ ಅಕ್ಟೋಬರಿನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಸಿ.ಡಿ. ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತದೆ. ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ. ಇಡೀ ತಟ್ಟೆಗೆ 74 ನಿಮಿಷ, ಅಂದರೆ ಹದಿನೈದು ಹಾಡು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ಬೇರೆ: ಕಿವಿಗೆ ಗೊತ್ತಾಗದಂತೆ ಇದರಲ್ಲಿ ಏನನ್ನು ಬಿಡಬಹುದು? ದೊಡ್ಡ ಸದ್ದಿನ ಮಗ್ಗುಲಲ್ಲಿರುವ ಸಣ್ಣ ಸದ್ದು ನಮಗೆ ಕೇಳಿಸುವುದಿಲ್ಲ. ಅದನ್ನು ಒರಟಾಗಿ ಬರೆದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ಹೀಗೆ ಹುಟ್ಟಿದ ಎಂಪಿ3ಯಲ್ಲಿ, ಆಗ ರೂಢಿಯಲ್ಲಿದ್ದ 128 ಕೆಬಿಪಿಎಸ್ ದರಕ್ಕೆ, ಒಂದು ನಿಮಿಷಕ್ಕೆ 1 ಎಂಬಿ ಸಾಕು. ಅದೇ 650 ಎಂಬಿ ತಟ್ಟೆಯಲ್ಲಿ 140 ಹಾಡು ಹಿಡಿಯುತ್ತವೆ. ಹದಿನೈದು ಹಾಡಿನ ಜಾಗದಲ್ಲಿ ನೂರ ನಲವತ್ತು! ಗಲ್ಲಿಯ ವ್ಯಾಪಾರಕ್ಕೆ ಇದಕ್ಕಿಂತ ದೊಡ್ಡ ವರ ಬೇರೆ ಬೇಕಿರಲಿಲ್ಲ.

ಆಟಗಳಿಗೂ ಇದೇ ಲೆಕ್ಕ ನಡೆಯಿತು. ಸಿ.ಡಿ. ತುಂಬ ಹಾಡು, ವಿಡಿಯೊ ತುಂಬಿಕೊಂಡು ಬಂದ ಆಟದಿಂದ ಅವನ್ನು ಕಿತ್ತುಹಾಕಿ, ಓಡಲು ಬೇಕಾದಷ್ಟೇ ಉಳಿಸಿದ ಪ್ರತಿಗಳು ಕೈಯಿಂದ ಕೈಗೆ ದಾಟಿದವು. ಅದಕ್ಕೂ ಮುಂಚಿನ ಫ್ಲಾಪಿಯ ಕಾಲದ ಒಂದು ಉದಾಹರಣೆ ಇಲ್ಲಿ ಮುಖ್ಯ. ಜೋರ್ಡನ್ ಮೆಕ್ನರ್ 1989ರಲ್ಲಿ ರೂಪಿಸಿದ ಪ್ರಿನ್ಸ್ ಆಫ್ ಪರ್ಶಿಯಾ ಆಟದ ಪಿಸಿ ಆವೃತ್ತಿಯಲ್ಲಿ ಒಂದು ಬೀಗವಿತ್ತು. ಜೊತೆಗೆ ಬಂದ ಕೈಪಿಡಿಯ ಇಂಥ ಪುಟದ, ಇಂಥ ಸಾಲಿನ, ಇಂಥ ಪದದ ಮೊದಲ ಅಕ್ಷರ ಯಾವುದೆಂದು ಅದು ಕೇಳುತ್ತಿತ್ತು. ಫ್ಲಾಪಿ ನಕಲಾಗುತ್ತದೆ, ಕಾಗದದ ಕೈಪಿಡಿ ಹಿಂದೆಯೇ ಉಳಿಯುತ್ತದೆ. ಬೀಗದ ಉಪಾಯ ಇಷ್ಟೇ. ಕೈಪಿಡಿಯಿಲ್ಲದೆ ಆಟ ಮುಂದೆ ಹೋಗದ್ದರಿಂದ ಯಾರೋ ಕೂತು ಆ ಬೀಗ ಒಡೆದರು.

ಹಾಡಿನ ಜೊತೆಗೂ ಒಂದು ಕಾಗದವಿತ್ತು, ಕ್ಯಾಸೆಟ್ಟಿನ ಮಡಿಚಿದ ಹೊದಿಕೆ. 1978ರ ‘ನಿತ್ಯೋತ್ಸವ’ದಿಂದ ಮುಂದಕ್ಕೆ ಭಾವಗೀತೆಗಳು ಕ್ಯಾಸೆಟ್ಟಿನಲ್ಲಿ ಮನೆಮನೆ ಸೇರಿದವು. ಅದರಲ್ಲಿ ಕವಿ ನಿಸಾರ್ ಅಹಮದ್, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ. ಇಬ್ಬರ ಹೆಸರಿಲ್ಲದೆ ಆ ಹಾಡುಗಳ ಪರಿಚಯ ಪೂರ್ತಿಯಾಗದು. ಆದರೆ ಹೊದಿಕೆ ಕಳೆದರೂ ಹಾಡು ನಿಲ್ಲುವುದಿಲ್ಲ. ನಿಲ್ಲದ್ದರಿಂದಲೇ, ಕಳೆದದ್ದು ಯಾರ ಗಮನಕ್ಕೂ ಬರಲಿಲ್ಲ.

ಎಂಪಿ3 ಕಡತಕ್ಕೆ ಮೊದಲು ಹೆಸರು ಬರೆಯುವ ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬಾತ ಕಡತದ ಬಾಲಕ್ಕೆ 128 ಬೈಟಿನ ಒಂದು ಚೀಟಿ ಅಂಟಿಸುವ ಉಪಾಯ ಹುಡುಕಿದ. ಅದೇ ಐಡಿ3. ಹಾಡಿನ ಶೀರ್ಷಿಕೆಗೆ 30 ಬೈಟು, ಕಲಾವಿದರಿಗೆ 30, ಆಲ್ಬಮ್‌ಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1, ಚೀಟಿಯ ಗುರುತಿಗೆ 3. ಪ್ರಕಾರಗಳ ಪಟ್ಟಿ ಶುರುವಾಗುವುದು ಬ್ಲೂಸ್‌ನಿಂದ. ಅದರಲ್ಲಿ ಭಾವಗೀತೆ ಇಲ್ಲ, ವಚನ ಇಲ್ಲ, ದಾಸರ ಪದ ಇಲ್ಲ. ಕವಿಗೆಂದು ಖಾನೆ ಇಲ್ಲ, ಸಂಗೀತ ಸಂಯೋಜಕರಿಗೂ ಇಲ್ಲ. ಕನ್ನಡ ಲಿಪಿಯ ಗತಿ ಕೇಳುವುದೇ ಬೇಡ: ಯೂನಿಕೋಡಿನ ಯುಟಿಎಫ್-8ರಲ್ಲಿ ‘ಶಿಶುನಾಳ ಶರೀಫ’ ಎಂದು ಬರೆಯಲು 34 ಬೈಟು ಬೇಕು. ಮೂವತ್ತರ ಖಾನೆಯಲ್ಲಿ ಶರೀಫಜ್ಜನ ಹೆಸರು ಪೂರ್ತಿ ಹಿಡಿಯುವುದಿಲ್ಲ.

ಇದಕ್ಕೆ ಕೆಂಪ್‌ನನ್ನು ದೂರುವಂತಿಲ್ಲ. ಹಾಡುವವರೇ ಹಾಡಿನ ಒಡೆಯರು ಎಂಬ ಲೋಕದಿಂದ ಬಂದ ಚೀಟಿ ಅದು. ನಮ್ಮಲ್ಲಿ ಬರೆದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು. ಗಲ್ಲಿಯನ್ನು ದೂರುವುದೂ ಅಷ್ಟು ಸುಲಭವಲ್ಲ. ಅಂಗಡಿಯಲ್ಲಿ ಎಂದೋ ಮುಗಿದುಹೋದ ಎಷ್ಟೋ ಧ್ವನಿಮುದ್ರಣಗಳು ಇವತ್ತು ಕಿವಿಗೆ ಬೀಳುತ್ತಿದ್ದರೆ, ಅವನ್ನು ಯಾರೋ ಅನುಮತಿ ಕೇಳದೆ ನಕಲು ಮಾಡಿದ್ದರಿಂದಲೇ.

ಕಾನೂನು ಏನು ಹೇಳುತ್ತಿತ್ತು? 1994ರ ತಿದ್ದುಪಡಿ ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸುವವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು ಎಂದಿತು. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲೇ ಇನ್ನೊಂದು ಮಾತಿದೆ: ಹಕ್ಕನ್ನೆಲ್ಲ ಮಾರಿದ ಮೇಲೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು ಬರೆದವರಲ್ಲೇ ಉಳಿಯುತ್ತದೆ. ಗೀತರಚನೆಕಾರರಿಗೂ ಸಂಯೋಜಕರಿಗೂ ರಾಯಧನದ ಪಾಲನ್ನು ಗಟ್ಟಿಮಾಡಲು 2012ರವರೆಗೆ ಕಾಯಬೇಕಾಯಿತು. ನನ್ನ ಮಟ್ಟಿಗೆ, ದುಡ್ಡಿನ ನಷ್ಟಕ್ಕಿಂತ ಹೆಸರಿನ ನಷ್ಟ ದೊಡ್ಡದು. ದುಡ್ಡು ಯಾರಿಗೆ ಸಲ್ಲಬೇಕು ಎಂದು ತಿಳಿಯುವುದಕ್ಕೂ ಮೊದಲು ಹೆಸರು ಬೇಕಲ್ಲ.

2017ರಲ್ಲಿ ಫ್ರಾನ್‌ಹೋಫರ್ ಎಂಪಿ3ಯ ಪರವಾನಗಿ ವ್ಯವಹಾರ ಮುಗಿಸಿತು. ಈಗ ಅದು ಎಲ್ಲರದ್ದು. ಮನೆಯಲ್ಲೇ ಬರೆದ ಸಿ.ಡಿ.ಗಳ ಬಣ್ಣದ ಪದರ ಬಿಸಿಲು, ಸೆಖೆಗೆ ಮಾಸುತ್ತದೆ. ಅಟ್ಟದ ಮೇಲಿರುವುದನ್ನು ಇಳಿಸಿ ಕಂಪ್ಯೂಟರಿಗೆ ಹಾಕಿಕೊಳ್ಳುವುದಿದ್ದರೆ ತಡಮಾಡಬಾರದು. ಹಾಗೆ ಮಾಡುವಾಗ ಇನ್ನೊಂದು ಕೆಲಸವೂ ಇದೆ. 1998ರಲ್ಲಿ ಬಂದ ಐಡಿ3ಯ ಎರಡನೆಯ ಆವೃತ್ತಿಯಲ್ಲಿ ಸಂಯೋಜಕರಿಗೆ ಒಂದು, ಸಾಹಿತ್ಯ ಬರೆದವರಿಗೆ ಒಂದು ಖಾನೆಯಿದೆ. ಕನ್ನಡ ಲಿಪಿಯಲ್ಲೇ ಬರೆಯಬಹುದು, ಉದ್ದದ ಹಂಗಿಲ್ಲ. ಹಾಡು ಯಾರದ್ದೆಂದು ಬಲ್ಲವರು ಮನೆಯಲ್ಲಿ ಇರುವಾಗಲೇ ಅವರನ್ನು ಕೇಳಿ ಅದನ್ನು ತುಂಬಿಡಬೇಕು.