ಚೆಸ್‌ನ ಮಹಿಳಾ ವಿಭಾಗ ಮತ್ತು ಟ್ರಾನ್ಸ್‌ಜೆಂಡರ್ ಆಟಗಾರರು

ಟ್ರಾನ್ಸ್‌ಜೆಂಡರ್ ಆಟಗಾರರು ಚೆಸ್‌ನ ಮಹಿಳಾ ವಿಭಾಗದಲ್ಲಿ ಆಡಬಹುದೇ ಎಂಬ ಪ್ರಶ್ನೆ ಜಗತ್ತಿನ ಕಣ್ಣಿಗೆ ಬಿದ್ದದ್ದು 2023ರ ಆಗಸ್ಟ್‌ನಲ್ಲಿ. ಮೊದಲು ಗಂಡೆಂದು ದಾಖಲಾಗಿ, ಮುಂದೆ ಹೆಣ್ಣೆಂದು ದಾಖಲೆ ಬದಲಿಸಿಕೊಂಡವರಿಗೆ ತನ್ನ ಅಧಿಕೃತ ಮಹಿಳಾ ಸ್ಪರ್ಧೆಗಳಲ್ಲಿ ಸದ್ಯಕ್ಕೆ ಅವಕಾಶವಿಲ್ಲ ಎಂದು ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಆ ತಿಂಗಳು ನಿಯಮ ಮಾಡಿತು. ಹುಟ್ಟಿದಾಗ ಗಂಡೆಂದು ಬರೆಸಲ್ಪಟ್ಟು ಹೆಣ್ಣಾಗಿ ಬದುಕುತ್ತಿರುವವರನ್ನು ಟ್ರಾನ್ಸ್ ಮಹಿಳೆ ಎಂದೂ, ಹೆಣ್ಣೆಂದು ಬರೆಸಲ್ಪಟ್ಟು ಗಂಡಾಗಿ ಬದುಕುತ್ತಿರುವವರನ್ನು ಟ್ರಾನ್ಸ್ ಪುರುಷ ಎಂದೂ ಕರೆಯುವುದು ವಾಡಿಕೆ. ನಮ್ಮ ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ ‘ತೃತೀಯ ಲಿಂಗಿ’ ಎಂಬ ಮಾತು ಇಲ್ಲಿ ಹೊಂದುವುದಿಲ್ಲ. ಈ ಆಟಗಾರರು ಮೂರನೆಯದೊಂದು ವಿಭಾಗವನ್ನು ಕೇಳುತ್ತಿಲ್ಲ.

ಈ ನಿಯಮವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮಹಿಳಾ ವಿಭಾಗ ಏಕೆ ಹುಟ್ಟಿತು ಎಂಬಲ್ಲಿಂದ ಶುರುಮಾಡಬೇಕು. ಓಟ, ಈಜು, ಭಾರ ಎತ್ತುವ ಸ್ಪರ್ಧೆಗಳಲ್ಲಿ ಹೆಣ್ಣು ಗಂಡು ಬೇರೆ ಬೇರೆಯಾಗಿ ಆಡುವುದಕ್ಕೆ ಸ್ನಾಯು, ಎಲುಬು, ಹಾರ್ಮೋನುಗಳ ಕಾರಣವಿದೆ. ಚೆಸ್‌ನಲ್ಲಿ ಅಂಥ ಕಾರಣವಿಲ್ಲ. ಇಲ್ಲಿ ‘ಪುರುಷರ ವಿಭಾಗ’ ಎಂಬುದೂ ಇಲ್ಲ. ಇರುವುದು ಮುಕ್ತ ವಿಭಾಗ ಮತ್ತು ಮಹಿಳಾ ವಿಭಾಗ. ಮುಕ್ತ ವಿಭಾಗದಲ್ಲಿ ಯಾರು ಬೇಕಾದರೂ ಆಡಬಹುದು. ಆಟಕ್ಕೆ ಬರುವ ಹೆಣ್ಣುಮಕ್ಕಳು ತೀರ ಕಡಿಮೆಯಾದ್ದರಿಂದ ಅವರಿಗೆ ಬಹುಮಾನ, ಪ್ರಯಾಣ, ಹೆಸರು ಸಿಗಲಿ, ಅವರನ್ನು ನೋಡಿ ಇನ್ನಷ್ಟು ಹುಡುಗಿಯರು ಬರಲಿ ಎಂಬ ಕಾರಣಕ್ಕೆ ಉಳಿದುಕೊಂಡಿರುವುದು ಮಹಿಳಾ ವಿಭಾಗ. ಅದು ಪ್ರೋತ್ಸಾಹದ ಏರ್ಪಾಡು. ಮುಂದಿನ ಎಲ್ಲ ವಾದವಿವಾದಗಳೂ ಈ ಒಂದು ಸಂಗತಿಯ ಸುತ್ತಲೇ ತಿರುಗುತ್ತವೆ.

ಫಿಡೆ ಹುಟ್ಟಿದ್ದು 1924ರಲ್ಲಿ, ಪ್ಯಾರಿಸ್‌ನಲ್ಲಿ. ಮೂರು ವರ್ಷಗಳ ನಂತರ ಲಂಡನ್‌ನಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಮಾಸ್ಕೋದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ವೆರಾ ಮೆನ್‌ಚಿಕ್ 11 ಆಟಗಳಲ್ಲಿ ಹತ್ತೂವರೆ ಅಂಕ ಗಳಿಸಿ ಗೆದ್ದರು. ಆಕೆ ಗಂಡಸರ ಟೂರ್ನಿಗಳಲ್ಲೂ ಆಡಿದರು. 1929ರಲ್ಲಿ ಕಾರ್ಲ್ಸ್‌ಬಾಡ್ ಟೂರ್ನಿಗೆ ಆಕೆಯನ್ನು ಸೇರಿಸಿಕೊಂಡಾಗ ವಿಯೆನ್ನಾದ ಆಲ್ಬರ್ಟ್ ಬೆಕರ್, ಆಕೆಗೆ ಸೋತವರನ್ನೆಲ್ಲ ‘ವೆರಾ ಮೆನ್‌ಚಿಕ್ ಕ್ಲಬ್’ಗೆ ಸೇರಿಸೋಣ ಎಂದು ಗೇಲಿ ಮಾಡಿದರು. ಆ ಟೂರ್ನಿಯಲ್ಲೇ ಆಕೆಗೆ ಸೋತು ಅವರೇ ಮೊದಲ ಸದಸ್ಯರಾದರು. ಆ ಪಟ್ಟಿಗೆ ಮುಂದೆ ಹಾಲೆಂಡಿನ ಮ್ಯಾಕ್ಸ್ ಯೂವೆ ಕೂಡ ಸೇರಿದರು. 1935ರಲ್ಲಿ ವಿಶ್ವ ಚಾಂಪಿಯನ್ ಆಗಲಿದ್ದ ಯೂವೆ ಆಕೆಯೆದುರು ಎರಡು ಆಟ ಸೋತಿದ್ದರು.

ಇದೇ ಯೂವೆ 1970ರಿಂದ 1978ರವರೆಗೆ ಫಿಡೆಯ ಅಧ್ಯಕ್ಷರಾಗಿದ್ದರು. ಆಗ ಭಾರತದಿಂದಲೇ ಒಂದು ತಕರಾರು ಅವರ ಮೇಜಿಗೆ ಹೋಯಿತು. 1976ರಲ್ಲಿ ಮುಂಬೈಯ ರೋಹಿಣಿ ಖಾಡಿಲ್ಕರ್, ಇನ್ನೂ 13ರ ಹುಡುಗಿ, ಭಾರತದ ಪುರುಷರ ಚಾಂಪಿಯನ್‌ಷಿಪ್‌ನಲ್ಲಿ ಆಡಲು ಕುಳಿತಳು. ಹೆಣ್ಣೊಬ್ಬಳು ಅಲ್ಲಿ ಆಡಿದ್ದು ಅದೇ ಮೊದಲು. ಗದ್ದಲವೆದ್ದಿತು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ರಾಷ್ಟ್ರೀಯ, ಅಂತರರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಿಂದ ಹೊರಗಿಡುವಂತಿಲ್ಲ ಎಂದು ಯೂವೆ ತೀರ್ಪು ಕೊಟ್ಟರು. ಯಾರು ಯಾವ ಬೋರ್ಡಿನ ಮುಂದೆ ಕೂರಬಹುದು ಎಂಬ ಜಗಳ ಚೆಸ್‌ಗೆ ಹೊಸದಲ್ಲ. 2023ಕ್ಕಿಂತ ಬಹಳ ಮೊದಲೇ ಅದನ್ನು ಹೆಣ್ಣುಮಕ್ಕಳು ಆಡಿ ಮುಗಿಸಬೇಕಾಗಿ ಬಂದಿತ್ತು.

ಬಿರುದುಗಳಲ್ಲೂ ಇದೇ ಎರಡು ಸಾಲು. ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಬಿರುದು 1950ರಲ್ಲಿ ಬಂತು, ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಬಿರುದು 1976ರಲ್ಲಿ. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗ್ (ಆಟಗಾರರ ಬಲ ಅಳೆಯುವ ಅಂಕ) ಮುಟ್ಟಬೇಕು, ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆಗಲು ರೇಟಿಂಗ್ ಮಟ್ಟಿಗೆ 2300 ಸಾಕು. ಈ 200 ಅಂಕಗಳ ಅಂತರ ಪ್ರೋತ್ಸಾಹವೋ ಅವಮಾನವೋ ಎಂಬ ಬಗ್ಗೆ ಆಟಗಾರ್ತಿಯರಲ್ಲೇ ಒಮ್ಮತವಿಲ್ಲ. ಜಾರ್ಜಿಯಾದ ನೋನಾ ಗಪ್ರಿಂದಾಶ್ವಿಲಿ 1978ರಲ್ಲಿ ಪೂರ್ಣ ಗ್ರ್ಯಾಂಡ್‌ಮಾಸ್ಟರ್ ಬಿರುದು ಪಡೆದ ಮೊದಲ ಮಹಿಳೆಯಾದರು. ಹಂಗೇರಿಯ ಜೂಡಿತ್ ಪೋಲ್ಗಾರ್ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನ ಕಡೆ ತಲೆಯನ್ನೇ ಹಾಕಲಿಲ್ಲ. ಮುಖ್ಯವಾಗಿ ಮುಕ್ತ ವಿಭಾಗದಲ್ಲಿ ಆಡಿ 2735 ರೇಟಿಂಗ್ ತಲುಪಿ, ಜಗತ್ತಿನ ಎಂಟನೆಯ ಸ್ಥಾನಕ್ಕೆ ಏರಿದರು. ಭಾರತದಲ್ಲಿ ಕೊನೇರು ಹಂಪಿ, ಹಾರಿಕಾ ದ್ರೋಣವಲ್ಲಿ, ವೈಶಾಲಿ, 2025ರಲ್ಲಿ ದಿವ್ಯಾ ದೇಶಮುಖ್ ಗ್ರ್ಯಾಂಡ್‌ಮಾಸ್ಟರ್ ಆದರು.

ಹೆಂಗಸರ ಅಂಕಪಟ್ಟಿಯ ಮೇಲೆ ಸಂಸ್ಥೆ ಕೈಯಾಡಿಸಿದ ನಿದರ್ಶನವೂ ಉಂಟು. 1987ರ ಜನವರಿಯ ಪಟ್ಟಿಗೆ ಮುನ್ನ ಫಿಡೆ ಎಲ್ಲ ಮಹಿಳೆಯರ ರೇಟಿಂಗ್‌ಗೂ 100 ಅಂಕ ಸೇರಿಸಿತು, ಜೂಡಿತ್‌ರ ಅಕ್ಕ ಸೂಸಾನ್ ಪೋಲ್ಗಾರ್ ಒಬ್ಬರನ್ನು ಬಿಟ್ಟು. ಆಕೆ ಹೆಚ್ಚಾಗಿ ಗಂಡಸರ ಜೊತೆಯೇ ಆಡುತ್ತಾರೆ, ಆದ್ದರಿಂದ ಆಕೆಯ ಅಂಕ ಸರಿಯಾಗಿಯೇ ಇದೆ ಎಂಬುದು ಕೊಟ್ಟ ಕಾರಣ. ಇದರಿಂದ ಆಕೆ ಮಹಿಳಾ ಪಟ್ಟಿಯ ಮೊದಲ ಸ್ಥಾನ ಕಳೆದುಕೊಂಡರು.

ಗಂಡು ಹೆಣ್ಣಿನ ಈ ಅಂತರ ಎಲ್ಲಿಂದ ಬಂತು? 2009ರಲ್ಲಿ ಮೆರಿಮ್ ಬಿಲಾಲಿಚ್ ಮತ್ತು ಸಂಗಡಿಗರು ಜರ್ಮನಿಯ ಆಟಗಾರರ ರೇಟಿಂಗ್‌ಗಳನ್ನೆಲ್ಲ ಲೆಕ್ಕ ಹಾಕಿ, ಅಗ್ರ 100 ಗಂಡಸರಿಗೂ ಅಗ್ರ 100 ಹೆಂಗಸರಿಗೂ ಇರುವ ವ್ಯತ್ಯಾಸದಲ್ಲಿ ಶೇ. 96ರಷ್ಟು ಕೇವಲ ಸಂಖ್ಯೆಯಿಂದಲೇ ಬರುತ್ತದೆ ಎಂದರು. ಹತ್ತು ಸಾವಿರ ಜನರ ಗುಂಪಿನ ಅತಿ ಎತ್ತರದ ವ್ಯಕ್ತಿ ನೂರು ಜನರ ಗುಂಪಿನ ಅತಿ ಎತ್ತರದ ವ್ಯಕ್ತಿಗಿಂತ ಸಾಮಾನ್ಯವಾಗಿ ಎತ್ತರ ಇರುವ ಹಾಗೆಯೇ ಇದು. ಈ ಲೆಕ್ಕದ ವಿಧಾನವನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೆ ಮಿದುಳಿನಲ್ಲೇ ಭೇದವಿದೆ ಎಂದು ಚೆಸ್ ಬೋರ್ಡಿನಿಂದ ಯಾರೂ ಸಾಧಿಸಿ ತೋರಿಸಿಲ್ಲ.

2022ರಿಂದ 2023ರೊಳಗೆ ಈಜು, ಅಥ್ಲೆಟಿಕ್ಸ್, ಸೈಕ್ಲಿಂಗ್ ಒಕ್ಕೂಟಗಳು, ಗಂಡಾಗಿ ಪ್ರೌಢಾವಸ್ಥೆ ದಾಟಿದ ಟ್ರಾನ್ಸ್ ಮಹಿಳೆಯರನ್ನು ಮಹಿಳಾ ಸ್ಪರ್ಧೆಗಳಿಂದ ಹೊರಗಿಟ್ಟಿದ್ದವು. ಅದರ ಬೆನ್ನಿಗೇ ಫಿಡೆಯ ನಿಯಮ ಬಂತು. ಆಗಸ್ಟ್ 21ರಿಂದ ಅದು ಜಾರಿಯಾಯಿತು. ಲಿಂಗ ಬದಲಾವಣೆಗೆ ಆಯಾ ದೇಶದ ಕಾನೂನಿನಂತೆ ದಾಖಲೆ ಕೊಡಬೇಕಿತ್ತು. ಗಂಡಿನಿಂದ ಹೆಣ್ಣೆಂದು ಬದಲಾದವರು ಮುಂದಿನ ತೀರ್ಮಾನದವರೆಗೆ ಮಹಿಳಾ ಸ್ಪರ್ಧೆಗಳಲ್ಲಿ ಆಡುವಂತಿರಲಿಲ್ಲ. ಆ ತೀರ್ಮಾನ ಹೆಚ್ಚೆಂದರೆ ಎರಡು ವರ್ಷಗಳೊಳಗೆ ಆಗಬೇಕಿತ್ತು. ಮುಕ್ತ ವಿಭಾಗಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ನಿಯಮದ ಪರವಾಗಿ ಹೇಳಬಹುದಾದ ಮಾತನ್ನು ಹಗುರವಾಗಿ ಕಾಣಬಾರದು. 2400 ರೇಟಿಂಗ್ ಇರುವ ಆಟಗಾರ ಮುಕ್ತ ಪಟ್ಟಿಯಲ್ಲಿ ಮೊದಲ ಸಾವಿರದೊಳಗೂ ಬರುವುದಿಲ್ಲ. ಅದೇ ರೇಟಿಂಗ್ ಮಹಿಳಾ ಪಟ್ಟಿಯಲ್ಲಿ ಮೊದಲ ನೂರರೊಳಗೆ ತಂದು ಕೂರಿಸುತ್ತದೆ. ಬಹುಮಾನ, ತಂಡದಲ್ಲಿ ಜಾಗ, ಆಹ್ವಾನ ಎಲ್ಲವೂ ಅದರ ಹಿಂದೆ ಬರುತ್ತವೆ. ಹುಡುಗರ ನಡುವೆ ಹುಡುಗನಾಗಿ ಬೆಳೆದು, ಹುಡುಗಿಯರಿಗೆ ಸಿಗದ ತರಬೇತಿ ಪಡೆದವರು ಇಲ್ಲಿಗೆ ಬಂದರೆ ಪ್ರೋತ್ಸಾಹದ ಏರ್ಪಾಡಿನ ಗುರಿ ತಪ್ಪುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 2023ರ ಏಪ್ರಿಲ್‌ನಲ್ಲಿ ನೈರೋಬಿಯ ಕೆನ್ಯಾ ಓಪನ್‌ನಲ್ಲಿ ಒಬ್ಬ ಪುರುಷ ಬುರ್ಖಾ, ಕನ್ನಡಕ ತೊಟ್ಟು ಮಹಿಳಾ ವಿಭಾಗದಲ್ಲಿ ಆಡಿ ಸಿಕ್ಕಿಬಿದ್ದದ್ದನ್ನೂ ಈ ಚರ್ಚೆಯಲ್ಲಿ ಎಳೆದು ತರುವುದುಂಟು. ಆದರೆ ಅದು ಹಣಕ್ಕಾಗಿ ಹಾಕಿದ ವೇಷ. ಅವನು ಟ್ರಾನ್ಸ್ ವ್ಯಕ್ತಿಯಲ್ಲ. ವೇಷವನ್ನೂ ಬದುಕನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ನಿಯಮದ ದೊಡ್ಡ ದೋಷವೆಂದರೆ ಅದು ಮೊದಲು ಬಾಗಿಲು ಹಾಕಿ, ಕಾರಣವನ್ನು ಆಮೇಲೆ ಹುಡುಕಲು ಹೊರಟದ್ದು. ಅಂಕಿಅಂಶ ಕೊಡದೆ ಹೀಗೆ ಹೊರಗಿಟ್ಟರೆ, ಗಂಡಾಗಿ ಹುಟ್ಟುವುದೇ ಚೆಸ್‌ನಲ್ಲಿ ಒಂದು ಮೇಲುಗೈ ಎಂದು ಹೇಳಿದಂತಾಗುತ್ತದೆ. ಆ ಮಾತು ಎಲ್ಲ ಆಟಗಾರ್ತಿಯರಿಗೂ ತಾಗುತ್ತದೆ. 1976ರಲ್ಲಿ ಬ್ರಿಟನ್ನಿನ 18ರೊಳಗಿನ ಹುಡುಗಿಯರ ಪ್ರಶಸ್ತಿಯನ್ನು ಹಂಚಿಕೊಂಡಿದ್ದ ಸಂಸದೆ ಆಂಜೆಲಾ ಈಗಲ್ ಎತ್ತಿದ ಆಕ್ಷೇಪವೂ ಇದೇ. ಜರ್ಮನಿ, ಇಂಗ್ಲೆಂಡ್, ಅಮೆರಿಕ, ಫ್ರಾನ್ಸ್‌ನ ಚೆಸ್ ಒಕ್ಕೂಟಗಳು ನಿಯಮವನ್ನು ಒಪ್ಪಲಿಲ್ಲ. ಫಿಡೆ ಮಾಸ್ಟರ್ ಬಿರುದಿನ ಫ್ರಾನ್ಸ್‌ನ ಟ್ರಾನ್ಸ್ ಆಟಗಾರ್ತಿ ಯೋಶಾ ಇಗ್ಲೇಸಿಯಸ್ ಬಹಿರಂಗವಾಗಿ ಪ್ರತಿಭಟಿಸಿದರು. ಅದೇ ತಿಂಗಳು ಫ್ರಾನ್ಸ್‌ನ ಪ್ರಮುಖ ಆಟಗಾರ್ತಿಯರು ಚೆಸ್ ಲೋಕದಲ್ಲಿ ತಾವು ಅನುಭವಿಸಿದ ಲೈಂಗಿಕ ಕಿರುಕುಳದ ಬಗ್ಗೆ ಬಹಿರಂಗ ಪತ್ರ ಬರೆದಿದ್ದರು. ಹುಡುಗಿಯರು ಚೆಸ್ ಬಿಟ್ಟು ಹೋಗುವುದು ಏಕೆ ಎಂದು ಹುಡುಕುವವರು ಮೊದಲು ಓದಬೇಕಾದದ್ದು ಆ ಪತ್ರವನ್ನು.

ಭಾರತದಲ್ಲಿ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಗಿದೆ ಎಂದಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕುರಿತ 2019ರ ಕಾಯ್ದೆ ಗುರುತಿನ ಪ್ರಮಾಣಪತ್ರ ಕೊಡುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಎಂದರೆ ಕರ್ನಾಟಕದಲ್ಲಿ ಜಿಲ್ಲಾಧಿಕಾರಿಗೆ ವಹಿಸಿತು. 2023ರ ನಿಯಮದಲ್ಲಿ ದೇಶದ ಕಾನೂನಿನ ದಾಖಲೆ ತನ್ನಿ ಎಂದ ಫಿಡೆ, ಆ ದಾಖಲೆಯನ್ನು ತನ್ನ ಪಟ್ಟಿಯಲ್ಲಿ ಲಿಂಗ ತಿದ್ದಲು ಒಪ್ಪಿತು, ಮಹಿಳಾ ವಿಭಾಗದಲ್ಲಿ ಆಡಿಸಲು ಒಪ್ಪಲಿಲ್ಲ.

ಚರ್ಚೆಯಲ್ಲಿ ಹೆಚ್ಚು ಕಾಣದೆ ಹೋದವರು ಟ್ರಾನ್ಸ್ ಪುರುಷರು. 2023ರ ನಿಯಮದ ಪ್ರಕಾರ, ಮಹಿಳಾ ಬಿರುದು ಹೊಂದಿದ್ದವರು ಗಂಡೆಂದು ದಾಖಲೆ ಬದಲಿಸಿದರೆ ಆ ಬಿರುದು ರದ್ದಾಗುತ್ತದೆ. ಅದನ್ನು ಸಾಮಾನ್ಯ ಬಿರುದಾಗಿ ಬದಲಿಸಿಕೊಳ್ಳಬಹುದು: ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಬರೀ ಫಿಡೆ ಮಾಸ್ಟರ್ ಆಗುತ್ತಾರೆ, ಮಹಿಳಾ ಇಂಟರ್‌ನ್ಯಾಷನಲ್ ಮಾಸ್ಟರ್ ಕ್ಯಾಂಡಿಡೇಟ್ ಮಾಸ್ಟರ್ ಆಗುತ್ತಾರೆ. ರೇಟಿಂಗ್ ಲೆಕ್ಕದಲ್ಲಿ ಇದು ಸರಿಹೊಂದುತ್ತದೆ, ಫಿಡೆ ಮಾಸ್ಟರ್‌ಗೂ ಬೇಕಾದದ್ದು 2300 ತಾನೆ. ಆದರೆ ಫಿಡೆ ಮಾಸ್ಟರ್ ಬಿರುದಿಗೆ ಬರೀ ರೇಟಿಂಗ್ ಸಾಕು. ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆಗಲು ಬಲವಾದ ಟೂರ್ನಿಗಳಲ್ಲಿ ಒಂದಾದ ಮೇಲೊಂದು ನಾರ್ಮ್ (ಬಿರುದಿಗೆ ನಿಗದಿಯಾದ ಮಟ್ಟದ ಫಲಿತಾಂಶ) ಗಳಿಸಬೇಕು. ದಿನಕ್ಕೆ ನಾಲ್ಕೈದು ಗಂಟೆ ಕೂತು, ಒಂಬತ್ತು ಸುತ್ತು ಆಡಿ, ಕೊನೆಯ ಸುತ್ತಿನಲ್ಲಿ ಅರ್ಧ ಅಂಕಕ್ಕೆ ನಾರ್ಮ್ ತಪ್ಪಿಸಿಕೊಂಡು, ಮತ್ತೆ ಇನ್ನೊಂದು ಊರಿಗೆ ರೈಲು ಹತ್ತಿದ ಶ್ರಮ ಅದರಲ್ಲಿದೆ. ಆ ಆಟಗಳು ನಡೆದಿವೆ, ನಡೆಗಳು ಅಂಕಹಾಳೆಯಲ್ಲಿ ಇವೆ. ಮುಂದೆ ಆ ವ್ಯಕ್ತಿ ಯಾರಾಗಿ ಬದುಕಿದರೂ ಆಡಿದ ಆಟ ಆಡಲಿಲ್ಲವೆಂದು ಆಗುವುದಿಲ್ಲ. ಗಂಡಿನಿಂದ ಹೆಣ್ಣೆಂದು ಬದಲಾದವರ ಹಿಂದಿನ ಬಿರುದುಗಳನ್ನೆಲ್ಲ ಇದೇ ನಿಯಮ ಹಾಗೆಯೇ ಉಳಿಸಿದೆ.

ಫಿಡೆಯ ರೇಟಿಂಗ್ ಪಟ್ಟಿಯಲ್ಲಿ ಪ್ರತಿ ಆಟಗಾರರದು ಒಂದೇ ಒಂದು ಸಾಲು: ಸಂಖ್ಯೆ, ಹೆಸರು, ದೇಶ, ಲಿಂಗ ಸೂಚಿಸುವ ಒಂದಕ್ಷರ, ಬಿರುದು, ರೇಟಿಂಗ್, ಹುಟ್ಟಿದ ವರ್ಷ. 2023ರ ನಿಯಮದ ಪ್ರಕಾರ ಆಟಗಾರರ ಲಿಂಗ ಬದಲಾವಣೆಯನ್ನು ಫಿಡೆ ಟೂರ್ನಿಯ ಸಂಘಟಕರಿಗೆ ತಿಳಿಸಬಹುದು, ಆಟಗಾರರ ದಾಖಲೆಯಲ್ಲಿ ಅದರ ಗುರುತನ್ನೂ ಹಾಕಬಹುದು. ಹತ್ತು ವರ್ಷಗಳಿಂದ ಹೆಣ್ಣಾಗಿಯೇ ಬದುಕುತ್ತಿರುವ ಒಬ್ಬಾಕೆ ಗೊತ್ತಿಲ್ಲದ ಊರಿನ ಟೂರ್ನಿಗೆ, ಎಲ್ಲರಿಗೂ ತೆರೆದ ಮುಕ್ತ ವಿಭಾಗಕ್ಕೇ ಹೆಸರು ಕೊಟ್ಟರೂ, ಆಕೆ ಕುರ್ಚಿ ಎಳೆದು ಕೂತು ಎದುರಾಳಿಯ ಕೈ ಕುಲುಕುವ ಮೊದಲೇ ಆಕೆಯ ಹಿಂದಿನ ಬದುಕು ಸಂಘಟಕರ ಕೈ ಸೇರಿರಬಹುದು.