ಕಲ್ಚಟ್ಟಿಯ ದಾಯಾದಿಗಳು

ಜ್ವಾಲಾಮುಖಿ ಎಂದರೆ ನಮಗೆಲ್ಲ ಜಪಾನಿನ ಫ್ಯೂಜಿಯಾಮಾ. ಕ್ಯಾಲೆಂಡರಿನಲ್ಲಿ ನೆತ್ತಿಗೆ ಹಿಮ ಹೊದ್ದು ನಿಂತಿರುತ್ತದಲ್ಲ, ಅದು. 3,776 ಮೀಟರ್ ಎತ್ತರ. ಕೊನೆಯ ಸಲ ಸಿಡಿದದ್ದು 1707ರಲ್ಲಿ. ಒಮ್ಮೆ ಬೂದಿ, ಒಮ್ಮೆ ಲಾವಾ, ಹೀಗೆ ಪದರದ ಮೇಲೆ ಪದರ ಕೂತು ಬೆಳೆದ ಬೆಟ್ಟ. ನಮ್ಮ ದೇಶದಲ್ಲಿ ಇಂದಿಗೂ ಉಗುಳುತ್ತಿರುವ ಈ ಜಾತಿಯ ಬೆಟ್ಟವೆಂದರೆ ಅಂಡಮಾನಿನ ಬ್ಯಾರನ್ ದ್ವೀಪ ಒಂದೇ. ನೀರಿನ ಮೇಲೆ ಕಾಣುವುದು 354 ಮೀಟರ್, ನೀರಿನೊಳಗೆ ಎರಡು ಕಿಲೋಮೀಟರಿಗೂ ಹೆಚ್ಚು. ಒಂದೂವರೆ ಶತಮಾನ ತಣ್ಣಗಿದ್ದದ್ದು 1991ರಲ್ಲಿ ಮತ್ತೆ ಎದ್ದಿತು.

ನನ್ನ ತವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ನಮ್ಮ ಕಡೆ ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಮನೆ! ಅದರ ಬೆಂಕಿ ಬಿಟ್ಟರೆ ಇಲ್ಲಿ ನೆಲದೊಳಗಿನ ಬೆಂಕಿಯ ಮಾತು ಯಾರೂ ಆಡಿದ್ದಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದು ರಾಬರ್ಟ್ ಬ್ರೂಸ್ ಫೂಟ್ ಅವರನ್ನು ಮುಖ್ಯಸ್ಥರಾಗಿ ಕರೆಸಿದ ಮೇಲೆ, ಒಬ್ಬರ ಹಿಂದೊಬ್ಬರು ಕಲ್ಲು ಬಲ್ಲವರು ಸೀಮೆಯನ್ನೆಲ್ಲ ಸುತ್ತಿದರು. ಹೊಳೆನರಸೀಪುರದ ಆಸುಪಾಸಿನಲ್ಲಿ ಒಂದು ಪಟ್ಟಿ, ಚನ್ನರಾಯಪಟ್ಟಣದ ನುಗ್ಗೇಹಳ್ಳಿಯ ಕಡೆ ಇನ್ನೊಂದು ಪಟ್ಟಿ, ಎರಡರಲ್ಲೂ ಬಲು ಪುರಾತನ ಲಾವಾದ ಕಲ್ಲಿದೆ. ಇಂಥ ಲಾವಾಕ್ಕೆ ಕೊಮಾಟಿಯೈಟ್ ಎಂದು ಹೆಸರು. 1969ರಲ್ಲಿ ದಕ್ಷಿಣ ಆಫ್ರಿಕದ ಕೊಮಾಟಿ ನದಿಯ ಬಳಿ ಗುರುತಿಸಿದ್ದರಿಂದ ಬಂದದ್ದು. ನಮ್ಮ ನಾಡಿನ ಇಂಥ ಕಲ್ಲಿಗೆ ಸುಮಾರು 335 ಕೋಟಿ ವರ್ಷವೆಂದು 2008ರಲ್ಲಿ ಲೆಕ್ಕ ಹಾಕಿದರು.

ಹಾಗಾದರೆ ನಮ್ಮಲ್ಲಿ ಫ್ಯೂಜಿಯಂಥ ಗೋಪುರವೇಕಿಲ್ಲ? ಆಗ ಭೂಮಿಯ ಹೊಟ್ಟೆ ಈಗಿನದಕ್ಕಿಂತ ಬಿಸಿ. ಹವಾಯಿಯ ಲಾವಾ ಸುಮಾರು 1,200 ಡಿಗ್ರಿಯಾದರೆ ಇದು 1,600ರ ಹತ್ತಿರ. ಮಂದವಿದ್ದರೆ ತಾನೇ ಗುಡ್ಡೆಯಾಗುವುದು? ಇದು ತಿಳಿಸಾರಿನ ಹಾಗೆ ಹರಿದುಬಿಟ್ಟಿತು. ಈಗ ಅಷ್ಟು ಬಿಸಿಯ ಲಾವಾವನ್ನು ಯಾವ ಬೆಟ್ಟವೂ ಉಗುಳುವುದಿಲ್ಲ.

ಇಂಥ ಮೆಗ್ನೀಸಿಯಂ ತುಂಬಿದ ಕಲ್ಲು ನೀರು, ಶಾಖ, ಒತ್ತಡಗಳಿಗೆ ಸಿಕ್ಕಿ ಮೆತ್ತಗಾದರೆ ಬಳಪದ ಕಲ್ಲು. ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯಕ್ಕೆ ಮಲ್ಲಿತಮ್ಮ ಉಳಿ ಹಿಡಿದದ್ದು ಬಳಪದ ಕಲ್ಲಿಗೇ. ನಮ್ಮಮ್ಮ ಗೊಜ್ಜು ಕುದಿಸುತ್ತಿದ್ದ ಕಲ್ಚಟ್ಟಿಯೂ ಅದೇ ಕುಲದ್ದು. ಒಲೆಯಿಂದ ಇಳಿಸಿದ ಮೇಲೂ ಕೊತಕೊತ ಎನ್ನುತ್ತಿತ್ತು. ಹುಣಿಸೆಹುಳಿಗೆ ಜಗ್ಗದು. ಅಜ್ಜಿ ಅದನ್ನು ಗಂಜಿ ಕಾಯಿಸಿ, ಹರಳೆಣ್ಣೆ ಹಚ್ಚಿ ತಿಂಗಳುಗಟ್ಟಲೆ ಪಳಗಿಸಿ ಸೊಸೆಯ ಕೈಗೆ ಕೊಟ್ಟಿದ್ದರಂತೆ.

ಆಮೇಲೆ ಸ್ಟೀಲು ಬಂತು. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಕ್ರೋಮಿಯಂ. ಅದರ ಅದಿರಾದ ಕ್ರೋಮೈಟನ್ನು ಅಗೆದ ಭೈರಾಪುರದ ಗಣಿ ಇರುವುದೂ ನುಗ್ಗೇಹಳ್ಳಿಯ ಪಟ್ಟಿಯಲ್ಲೇ. ಕಲ್ಚಟ್ಟಿಯನ್ನು ಹಿತ್ತಲಿಗೆ ಅಟ್ಟಿದ್ದು ದಾಯಾದಿಯೇ!

ಅಣ್ಣಂದಿರು ಪಾಲಾದಾಗ ಹಂಡೆ, ಕೊಳಗ, ಸ್ಟೀಲಿನ ಡಬ್ಬಗಳೆಲ್ಲ ಎಣಿಕೆಗೆ ಬಂದವು. ಕಲ್ಚಟ್ಟಿಯನ್ನು ಯಾರೂ ಕೇಳಲಿಲ್ಲ; ಅದು ಕರುವಿಗೆ ನೀರಿಡುವ ಪಾತ್ರೆಯಾಗಿತ್ತು. "ಅದನ್ನೇನು ಮಾಡ್ತೀಯಮ್ಮ, ಬಸ್ಸಲ್ಲಿ ಒಡೆದೀತು" ಎಂದರು ಅತ್ತಿಗೆ. ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಹಾಸನಕ್ಕೆ ತಂದೆ. ಕಂಡಕ್ಟರು ಲಗೇಜು ಟಿಕೆಟ್ಟು ಕೇಳಲಿಲ್ಲ.