ಪಾದರಸಕ್ಕೆ ಬೇಡವಾದ ಶುದ್ಧಿ

1908ರ ಜುಲೈ 10ರಂದು ಹಾಲೆಂಡಿನ ಲೈಡನ್ ನಗರದಲ್ಲಿ ಹೈಕೆ ಕಾಮರ್ಲಿಂಗ್ ಓನ್ಸ್ ಅವರು ಹೀಲಿಯಂ ಅನಿಲವನ್ನು ದ್ರವವಾಗಿಸಿದರು. ಅಂದಿನಿಂದ 1923ರಲ್ಲಿ ಟೊರಾಂಟೊ ಆ ವಿದ್ಯೆಯನ್ನು ಕೈವಶ ಮಾಡಿಕೊಳ್ಳುವವರೆಗೂ ಪರಮಶೀತದ ಮೇಲೆ ಲೈಡನ್ನಿನದೇ ಏಕಚ್ಛತ್ರಾಧಿಪತ್ಯ.

ಲೋಹವನ್ನು ತಣಿಸುತ್ತ ಹೋದರೆ ಎಲೆಕ್ಟ್ರಾನುಗಳೇ ಹೆಪ್ಪುಗಟ್ಟಿ ವಿದ್ಯುತ್ತಿನ ದಾರಿ ಮುಚ್ಚೀತೆಂದು ಲಾರ್ಡ್ ಕೆಲ್ವಿನ್ ನುಡಿದಿದ್ದರು. ರೋಧ ಇಳಿಯುತ್ತಲೇ ಹೋಗಿ ಸೊನ್ನೆ ಸೇರೀತೆಂಬುದು ಎದುರು ಪಕ್ಷದ ವಾದ. ಪ್ಲಾಟಿನಂ, ಚಿನ್ನಗಳು ಯಾರ ಪಕ್ಷವನ್ನೂ ವಹಿಸಲಿಲ್ಲ. ಅವುಗಳ ರೋಧ ಒಂದು ಮಟ್ಟಕ್ಕಿಳಿದು ಅಲ್ಲೇ ನಿಂತಿತು. ಲೋಹ ಶುದ್ಧವಾದಷ್ಟೂ ಆ ಮಟ್ಟ ಕೆಳಗಿಳಿಯಿತು. ಎಲೆಕ್ಟ್ರಾನುಗಳನ್ನು ಚದುರಿಸುವುದು ಕಲ್ಮಶವೇ ಎಂದು ತಿಳಿದ ಓನ್ಸ್, ಬಟ್ಟಿ ಇಳಿಸಿ ಶುದ್ಧಗೊಳಿಸಬಲ್ಲ ಪಾದರಸದತ್ತ ತಿರುಗಿದರು. 1911ರ ಏಪ್ರಿಲ್ 8ರಂದು ಅದರ ರೋಧ ಅಳತೆಗೆ ಸಿಗದೆ ಹೋಯಿತು. ಸುಮಾರು 4.2 ಕೆಲ್ವಿನ್‌ನಲ್ಲಿ ಅದು ಥಟ್ಟನೆ ಅಡಗುವುದೆಂದು ಮುಂದಿನ ಪ್ರಯೋಗಗಳು ತೋರಿದವು.

ಬಳಿಕ ಅದೇ ಪಾದರಸಕ್ಕೆ ಚಿನ್ನವನ್ನೂ ಕ್ಯಾಡ್ಮಿಯಮ್ಮನ್ನೂ ಬೇಕೆಂದೇ ಬೆರೆಸಿ ನೋಡಿದರು. ರೋಧ ಆಗಲೂ ಮಾಯ! ಶುದ್ಧಿಯ ವ್ರತ ಹಿಡಿದು ಹೊರಟವರಿಗೆ ಒಲಿದ ವರಕ್ಕೆ ಆ ವ್ರತವೇ ಬೇಕಿರಲಿಲ್ಲ. ವ್ರತವಿಲ್ಲದಿದ್ದರೆ ಅವರು ಪಾದರಸವನ್ನು ಮುಟ್ಟುತ್ತಿದ್ದರೇ ಎಂಬುದು ಬೇರೆ ಮಾತು.

ಕಲ್ಮಶವಿದ್ದರೂ ರೋಧ ಮಾಯವಾಗುವ ಈ ಒಗಟು ಸುಮಾರು ಅರ್ಧ ಶತಮಾನ ಕಾಯಿತು. ಅತಿವಾಹಕತೆ ಎಂದು ಹೆಸರಾದ ಈ ಗುಣದ ಮೂಲವೇ ಮೊದಲು ತಿಳಿಯಬೇಕಿತ್ತು. 1950ರಲ್ಲಿ ಅಮೆರಿಕದ ಎರಡು ಪ್ರಯೋಗಾಲಯಗಳು ಪಾದರಸದ ಐಸೋಟೋಪುಗಳನ್ನು ತಣಿಸಿ ನೋಡಿದವು. ಪರಮಾಣು ಭಾರವಾದಷ್ಟೂ ಅತಿವಾಹಕತೆ ಇನ್ನೂ ಕೆಳಗಿನ ತಾಪದಲ್ಲಿ ತೊಡಗುತ್ತಿತ್ತು. ಹರಿಯುವುದು ಎಲೆಕ್ಟ್ರಾನು, ನಿಂತಲ್ಲೇ ಕಂಪಿಸುವುದು ಪರಮಾಣು. ಆದರೂ ಎರಡಕ್ಕೂ ನಂಟಿತ್ತು. ಭೌತವಿಜ್ಞಾನಿ ಫ್ರೋಲಿಷ್ ಅದೇ ವರ್ಷ, ಈ ಅಳತೆಗಳ ಸುದ್ದಿ ತಿಳಿಯುವ ಮೊದಲೇ, ಲೆಕ್ಕದ ದಾರಿಯಲ್ಲಿ ಅಲ್ಲಿಗೇ ತಲುಪಿದ್ದರು.

ಆ ಕಂಪನದ ಕಣಿಕೆಗೆ ಫೋನಾನ್ ಎಂದು ಹೆಸರು. ಹಾದುಹೋಗುವ ಎಲೆಕ್ಟ್ರಾನು ಸುತ್ತಲಿನ ಧನ ಅಯಾನುಗಳನ್ನು ತುಸು ಸೆಳೆಯುತ್ತದೆ. ಅವು ಹಿಂದಿರುಗುವಷ್ಟರಲ್ಲಿ ಆ ಸೆಳೆತಕ್ಕೆ ಇನ್ನೊಂದು ಎಲೆಕ್ಟ್ರಾನು ಸಿಕ್ಕಿಬೀಳುತ್ತದೆ. ಹೀಗೆ ಕೂಡಿದ ಜೋಡಿಗಳ ಮೇಲೆ 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ತಮ್ಮ ಸಿದ್ಧಾಂತವನ್ನು ಕಟ್ಟಿದರು. ಬೆಚ್ಚಗಿನ ಲೋಹದಲ್ಲಿ ವಿದ್ಯುತ್ತಿಗೆ ಅಡ್ಡಬರುವ ಕಂಪನವೇ ಇಲ್ಲಿ ಕಂಕಣ ಕಟ್ಟಿಸುವುದು. ಆ ನಂಟು ಸಡಿಲವಾಗಿರುವ ತಾಮ್ರ, ಬೆಳ್ಳಿ, ಚಿನ್ನಗಳು ಉತ್ತಮ ವಾಹಕಗಳಾದರೂ ಅತಿವಾಹಕಗಳಾಗಲಿಲ್ಲ.

ಕಲ್ಮಶದ ಒಗಟು ಬಿಡಿಸಿದವರು ಫಿಲಿಪ್ ಆಂಡರ್ಸನ್. 1959ರಲ್ಲಿ ಅವರು ತೋರಿಸಿಕೊಟ್ಟಂತೆ, ಚದುರಿದ ಪ್ರತಿಯೊಂದು ಸ್ಥಿತಿಗೂ ಕಾಲವನ್ನು ಹಿಂದುಮುಂದಾಗಿಸಿದ ಪ್ರತಿಸ್ಥಿತಿಯೊಂದು ಅದೇ ಶಕ್ತಿಯಲ್ಲಿ ಇದ್ದೇ ಇರುತ್ತದೆ. ಅವೆರಡೇ ಜೋಡಿಯಾದರೆ ಸಾಕು. ಚಿನ್ನ, ಕ್ಯಾಡ್ಮಿಯಂ ಬೆರೆತರೆ ಕೆಡುವುದೇನಿಲ್ಲ.

ಕಾಂತಗುಣದ ಕಲ್ಮಶದ ಮಾತು ಬೇರೆ. ಲ್ಯಾಂಥನಮ್ಮಿಗೆ ಶೇಕಡಾ ಒಂದರಷ್ಟು ಗ್ಯಾಡೋಲಿನಿಯಂ ಬೆರೆತರೂ ಅತಿವಾಹಕತೆ ಅಳಿಯುವುದನ್ನು ಮಥಾಯಸ್ ಮತ್ತು ಸಂಗಡಿಗರು 1958ರಲ್ಲೇ ಕಂಡಿದ್ದರು. ಜೋಡಿಯ ಎಲೆಕ್ಟ್ರಾನುಗಳ ಎರಡು ಭ್ರಮಣಗಳನ್ನು (ಸ್ಪಿನ್) ಅದು ಬೇರೆಬೇರೆಯಾಗಿ ಎಳೆದು ಒಗೆತನ ಮುರಿಯುತ್ತದೆಂದು ಮಾಸ್ಕೋದ ಅಬ್ರಿಕೊಸೊವ್, ಗೊರ್ಕೊವ್ 1960ರಲ್ಲಿ ಲೆಕ್ಕ ಹಾಕಿದರು. ಅತಿವಾಹಕತೆ ಉಳಿದಿರುವಾಗಲೇ, ಜೋಡಿ ಮುರಿಯಲು ದಾಟಬೇಕಾದ ಶಕ್ತಿಯ ಅಂತರ ಅಳಿಸಿಹೋಗುವ ವಿಚಿತ್ರ ಸ್ಥಿತಿಯೂ ಉಂಟೆಂದು ಆ ಲೆಕ್ಕ ಹೇಳಿತು. 1962ರಲ್ಲಿ ಕಬ್ಬಿಣ ಬೆರೆಸಿದ ಇಂಡಿಯಂ ಪದರಗಳಲ್ಲಿ ರೀಫ್ ಮತ್ತು ವೂಲ್ಫ್ ಅದನ್ನು ಕಣ್ಣಾರೆ ಕಂಡರು.